ಯುದ್ಧಕಾಲದ ಬೆಂಗಳೂರಿಗೆ ಪತ್ತೇದಾರಳು ಯಾಕೆ ಬರಲಿಲ್ಲ?

ಜಾಲಹಳ್ಳಿ ಕ್ರಾಸಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನಿಂತರೆ ಪೀಣ್ಯದ ವರ್ಕ್‌ಶಾಪು, ಗಾರ್ಮೆಂಟ್ಸುಗಳಿಗೆ ಹೊರಟವರ ಸಾಲು ಕಡಿಯುವುದೇ ಇಲ್ಲ. ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಐಡಿ ಕಾರ್ಡು. ಎಂಬತ್ತು ವರ್ಷದ ಹಿಂದೆ ಇದೇ ಜಾಲಹಳ್ಳಿಯ ಬಯಲಿನಲ್ಲಿ ಮುಳ್ಳುತಂತಿಯ ಬೇಲಿಯಿತ್ತು. ಉತ್ತರ ಆಫ್ರಿಕಾದ ರಣರಂಗದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ತಂದು ಕೂಡಿಹಾಕಿದ್ದ ಶಿಬಿರ ಅದು. ಅಲ್ಲಿಯೇ ಸೇನೆಯ ಆಸ್ಪತ್ರೆಯೂ ಎದ್ದಿತು. ಊರಿನ ಇನ್ನೊಂದು ಮಗ್ಗುಲಲ್ಲಿ, ಇಂದು ವೈಟ್‌ಫೀಲ್ಡಿನ ಐಟಿ ಬಸ್ಸುಗಳು ತೆವಳುವ ದಾರಿಯಲ್ಲಿ, 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ ವಿಮಾನ ಕಾರ್ಖಾನೆ ತೆರೆದರು. 1941ರ ಜುಲೈ ಹೊತ್ತಿಗೆ ಮೊದಲ ಹಾರ್ಲೊ ತರಬೇತಿ ವಿಮಾನ ಅಲ್ಲಿಂದ ಹಾರಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಹೋಗಿ ಯುದ್ಧವಿಮಾನಗಳ ರಿಪೇರಿಯ ದೊಡ್ಡ ಕೇಂದ್ರವಾಯಿತು. ಅಲ್ಲಿಂದ ಆಚೆಗೆ ವೈಟ್‌ಫೀಲ್ಡ್: 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೊ-ಇಂಡಿಯನ್ನರು ಕಟ್ಟಿಕೊಂಡಿದ್ದ ಪುಟ್ಟ ವಸಾಹತು.

ಇದರ ಮೇಲೆ ಇನ್ನೊಂದು ಸಂಗತಿ. ಆ ಕಾಲದ ಬೆಂಗಳೂರಿನಲ್ಲಿ ಎರಡು ಆಡಳಿತವಿತ್ತು. ಪೇಟೆಯೂ ಸುತ್ತಲ ಹಳ್ಳಿಗಳೂ ಮೈಸೂರು ಮಹಾರಾಜರವು, ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರದು. 1947ರ ಜುಲೈನಲ್ಲಿ ದಂಡು ಮೈಸೂರಿಗೆ ಮರಳುವ ತನಕ ಹೀಗೇ ನಡೆಯಿತು. ಪೇಟೆಯಲ್ಲಿ ಕದ್ದವನು ಕಬ್ಬನ್ ಪಾರ್ಕು ದಾಟಿದರೆ ಬೇರೆ ಪೊಲೀಸರ ಸರಹದ್ದು.

ಕೈದಿಗಳ ಬೇಲಿ, ಗುಟ್ಟಿನ ಕಾರ್ಖಾನೆ, ಪರದೇಶದ ಸೈನಿಕರು, ಎರಡು ಸರ್ಕಾರದ ಪೊಲೀಸರು. ಪತ್ತೇದಾರಿ ಕಥೆಗೆ ಇದಕ್ಕಿಂತ ಹದವಾದ ನೆಲ ಸಿಗುವುದು ಕಷ್ಟ. ಬ್ರಿಟನ್ನಿನಲ್ಲಿ ಇದೇ ಯುದ್ಧದ ಹಿನ್ನೆಲೆಯಲ್ಲಿ, ಸಮವಸ್ತ್ರ ತೊಟ್ಟ ಹೆಣ್ಣನ್ನು ಮುಂದಿಟ್ಟುಕೊಂಡು ಕಾದಂಬರಿಗಳ ಸಾಲೇ ಬಂದಿದೆ. ಕನ್ನಡದಲ್ಲಿ ಅಂಥ ಪರಂಪರೆ ಬೆಳೆಯಲಿಲ್ಲ. ಯಾಕೆ ಎಂಬುದಕ್ಕೆ ಹಲವು ಉತ್ತರಗಳು ಚಲಾವಣೆಯಲ್ಲಿವೆ. ಕೆಲವು ಸುಲಭದವು, ಒಂದೆರಡು ನಿಜಕ್ಕೂ ತೊಡಕಿನವು.

ಅಲ್ಲಿ ಅವಳು ಬಂದ ದಾರಿ

ಬ್ರಿಟನ್ನಿನಲ್ಲಿ ಮಹಿಳಾ ಪೊಲೀಸ್ ಹುಟ್ಟಿದ್ದೇ ಯುದ್ಧದಿಂದ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ನೀನಾ ಬಾಯ್ಲ್, ಮಾರ್ಗರೆಟ್ ಡೇಮರ್ ಡಾಸನ್ ಮುಂತಾದವರು ಸ್ವಯಂಸೇವಕಿಯರ ಪಡೆ ಕಟ್ಟಿ ಬೀದಿ ಕಾವಲಿಗೆ ಇಳಿದರು. ಅವರಿಗೆ ಕಾನೂನಿನ ಬಲವಿರಲಿಲ್ಲ. 1915ರಲ್ಲಿ, ಹತ್ತಿರದಲ್ಲೇ ದೊಡ್ಡ ಸೇನಾ ಶಿಬಿರವಿದ್ದ ಗ್ರಾಂಥಮ್ ಎಂಬ ಊರಿನಲ್ಲಿ, ಈಡಿತ್ ಸ್ಮಿತ್ ಬಂಧಿಸುವ ಪೂರ್ಣ ಅಧಿಕಾರವುಳ್ಳ ಮೊದಲ ಮಹಿಳಾ ಕಾನ್‌ಸ್ಟೆಬಲ್ ಆದರು. 1939ರಲ್ಲಿ ಮಹಿಳಾ ಸಹಾಯಕ ಪೊಲೀಸ್ ಪಡೆಯೇ ಬಂತು. ಅದರಲ್ಲಿ ಹೆಚ್ಚಿನವರ ಪಾಲಿಗೆ ಬಂದದ್ದು ಟೈಪಿಂಗು, ಟೆಲಿಫೋನು, ವಾಹನ ಓಡಿಸುವ ಕೆಲಸ.

ಕಾದಂಬರಿಕಾರರಿಗೆ ಈ ಅರೆಬರೆ ಅಧಿಕಾರವೇ ಬಂಡವಾಳವಾಯಿತು. ಆಕೆಗೆ ಪ್ರಶ್ನೆ ಕೇಳುವ ಹಕ್ಕಿದೆ, ಉತ್ತರ ಪಡೆಯುವ ಹಕ್ಕಿಲ್ಲ. ಹೆಣಕ್ಕಿಂತ ಮೊದಲು ಆಕೆ ಸಾಹೇಬರ ತಾತ್ಸಾರವನ್ನು ದಾಟಬೇಕು. ಮೊದಲ ಮಹಾಯುದ್ಧದಲ್ಲಿ ನರ್ಸ್ ಆಗಿದ್ದು ಆಮೇಲೆ ಪತ್ತೇದಾರಿಕೆಗೆ ಇಳಿಯುವ ಮೇಸಿ ಡಾಬ್ಸ್‌ಳನ್ನು ಜಾಕ್ವೆಲಿನ್ ವಿನ್‌ಸ್ಪಿಯರ್ 2003ರಲ್ಲಿ ಸೃಷ್ಟಿಸಿದರು. ಅದಕ್ಕೆ ಒಂದು ವರ್ಷ ಮೊದಲು ಟಿವಿಯಲ್ಲಿ ಶುರುವಾದ ‘ಫಾಯ್ಲ್ಸ್ ವಾರ್’ ಧಾರಾವಾಹಿಯಲ್ಲಿ ಪೊಲೀಸ್ ಅಧಿಕಾರಿಯ ಕಾರು ಓಡಿಸುವ ಹುಡುಗಿ ಬರಬರುತ್ತಾ ಕಥೆಯ ಕಣ್ಣೇ ಆಗುತ್ತಾಳೆ.

ಇಂಥ ಕಥೆಗಳಲ್ಲಿ ಪೊಲೀಸರು ಯಾರ ಕಡೆ ಎಂಬ ಅನುಮಾನ ಓದುಗನಿಗೆ ಬರುವುದಿಲ್ಲ. ಊರ ಮೇಲೆ ಬಾಂಬು ಬೀಳುತ್ತಿದೆ, ಸಮವಸ್ತ್ರದವಳು ಊರಿನವಳೇ.

ಒಂದೇ ಊರಿನ ಎರಡು ಬೀದಿ

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಗೆ ಬರವಿರಲಿಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಅವರ ನಾಯಕರನ್ನು ಅರಿಯದ ಮನೆ ಒಂದು ಕಾಲಕ್ಕೆ ಇರಲಿಲ್ಲ. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಹೊಟ್ಟೆಪಾಡಿಗೆ ನೆಚ್ಚಿದ್ದು ಪತ್ತೇದಾರಿ ಬರವಣಿಗೆಯನ್ನೇ. ಆಮೇಲೆ ಟಿ.ಕೆ. ರಾಮರಾವ್, ಜಿಂದೆ ನಂಜುಂಡಸ್ವಾಮಿ, ಸುದರ್ಶನ ದೇಸಾಯಿ ಮುಂತಾದವರು ಬಂದರು.

ನನ್ನ ಅಮ್ಮ ಜಾಲಹಳ್ಳಿಯ ವಾಚ್ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುತ್ತಿದ್ದವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ನೋಡಿ ಬಂದವರು ರಾತ್ರಿ ಮತ್ತೆ ಓದಲು ಕೂರುತ್ತಿದ್ದರು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಒಂದು ಪುಸ್ತಕ ನನಗೆ ಚೆನ್ನಾಗಿ ನೆನಪಿದೆ. ಬೆನ್ನಿಗೆ ದಬ್ಬಳದಲ್ಲಿ ಹೊಲಿದ ಗೋಣಿದಾರ, ಮೊದಲ ಪುಟದಲ್ಲಿ ನೇರಳೆ ಬಣ್ಣದ ಮೊಹರು, ಅಂಚಿನಲ್ಲಿ ಒಗ್ಗರಣೆಯ ಎಣ್ಣೆ ಕಲೆ. ಕೊನೆಯ ಹಾಳೆ ಹರಿದುಹೋಗಿತ್ತು. ಅದಕ್ಕೆ ಮೊದಲ ಪುಟದ ಕೆಳಗೆ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ಬರೆದಿದ್ದರು: ‘ಮ್ಯಾನೇಜರನೇ ಕೊಂದವನು.’ ಅಮ್ಮ ಅದನ್ನು ಒಪ್ಪಲಿಲ್ಲ. ಮ್ಯಾನೇಜರನಿಗೆ ಅಷ್ಟು ಹೊತ್ತು ಆಫೀಸು ಬಿಟ್ಟಿರಲು ಆಗುವುದಿಲ್ಲ, ಪಂಚಿಂಗ್ ಕಾರ್ಡು ಇರುತ್ತದಲ್ಲ ಎಂದು ವಾದಿಸಿದರು. ಓದುಗರೂ ತನಿಖೆ ಮಾಡುತ್ತಿದ್ದ ಕಾಲ ಅದು.

ಇನ್ನೊಂದು ಬೀದಿಯಲ್ಲಿ ಐತಿಹಾಸಿಕ ಕಾದಂಬರಿ ತನ್ನ ಪಾಡಿಗೆ ನಡೆಯುತ್ತಿತ್ತು. ಗಳಗನಾಥರಿಂದ ಹಿಡಿದು ಮಾಸ್ತಿಯವರ ‘ಚಿಕವೀರ ರಾಜೇಂದ್ರ’, ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ತನಕ ಅದರ ಕಣ್ಣು ಅರಮನೆ, ಕೋಟೆ, ವಂಶ, ಪತನಗಳ ಮೇಲೆ. ಅದಕ್ಕೆ ಗೌರವವಿತ್ತು, ಪ್ರಶಸ್ತಿಯಿತ್ತು, ಪಠ್ಯಪುಸ್ತಕದಲ್ಲಿ ಜಾಗವಿತ್ತು. ಪತ್ತೇದಾರಿಗೆ ಓದುಗರಿದ್ದರು, ಅಷ್ಟೇ. ಒಂದು ಬೀದಿಯವರು ಇನ್ನೊಂದು ಬೀದಿಗೆ ಹೆಣ್ಣು ಕೊಟ್ಟು ತರಲಿಲ್ಲ.

ವಿಮರ್ಶೆಯ ಮಡಿವಂತಿಕೆಯೇ ಇದಕ್ಕೆ ಕಾರಣ ಎನ್ನುವುದು ಬಹಳ ಕಾಲದಿಂದ ಕೇಳಿಬರುವ ವಾದ. ನವ್ಯರ ಕಾಲಕ್ಕೆ ಕಥಾವಸ್ತು ಎಂದರೇ ಅನುಮಾನ, ಅದರಲ್ಲೂ ಕೊಲೆಯ ಕಥೆ ಎಂದರೆ ಅಸ್ಪೃಶ್ಯ ಎಂದು ಈ ವಾದದವರು ಹೇಳುತ್ತಾರೆ. ಅದರಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ತೇಜಸ್ವಿಯವರ ‘ಚಿದಂಬರ ರಹಸ್ಯ’ದ ಕಥೆ ಒಂದು ಸಾವಿನ ಗುಟ್ಟನ್ನೂ ಅದರ ಬೆನ್ನುಹತ್ತಿದ ಅಧಿಕಾರಿಯನ್ನೂ ಒಳಗೊಂಡಿದೆ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ‘ಕನಕ ಮುಸುಕು’, ‘ಕರಿಸಿರಿಯಾನ’ಗಳಲ್ಲಿ ಶಾಸನ, ಶಿಲ್ಪ, ದಾಖಲೆಗಳನ್ನೇ ಸುಳಿವಾಗಿಸಿ ಸಾವಿರಾರು ಹೊಸ ಓದುಗರನ್ನು ಸಂಪಾದಿಸಿದರು. ಅಂದರೆ ಚರಿತ್ರೆಯನ್ನೂ ರಹಸ್ಯವನ್ನೂ ಕೂಡಿಸಿದರೆ ಓದುವವರಿದ್ದಾರೆ. ಒಂದು ಕೊರತೆ ಮಾತ್ರ ಉಳಿಯುತ್ತದೆ. ಗಣೇಶಯ್ಯನವರಲ್ಲಿ ಹುಡುಕುವವರು ನಮ್ಮ ಕಾಲದವರು, ಇಂದಿನ ಕಣ್ಣಿನಿಂದ ನಿನ್ನೆಯನ್ನು ಶೋಧಿಸುತ್ತಾರೆ. ಯುದ್ಧಕಾಲದ ಪೊಲೀಸಿನವಳ ಕಥೆಗೆ ಬೇಕಾದದ್ದು ನಿನ್ನೆಯೊಳಗೇ ಇದ್ದುಕೊಂಡು, ನಾಳೆ ಏನೆಂದು ತಿಳಿಯದೆ ಹುಡುಕುವ ಮನುಷ್ಯಳು.

ಖಾಕಿ ಯಾರ ಕಡೆ?

ನನ್ನ ಮಟ್ಟಿಗೆ ಎಲ್ಲ ವಾದಗಳಲ್ಲೂ ಗಟ್ಟಿಯಾದದ್ದು ಇದು: 1942ರ ಕನ್ನಡ ನಾಡಿನಲ್ಲಿ ಪೊಲೀಸನ ಬೆನ್ನಹಿಂದೆ ನಿಂತು ಕಥೆ ಹೇಳಲು ಮನಸ್ಸು ಒಪ್ಪುವುದಿಲ್ಲ.

ಆ ವರ್ಷಗಳ ನಿಜವಾದ ಕೇಸುಗಳನ್ನೇ ನೋಡಿ. ಕಾಸರಗೋಡಿನ ಕಯ್ಯೂರಿನಲ್ಲಿ 1941ರ ಮಾರ್ಚಿನಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕಿಬಿದ್ದ ಒಬ್ಬ ಪೊಲೀಸ್ ಪೇದೆ ಹೊಳೆಗೆ ಹಾರಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ನೇಣಿಗೆ ಹಾಕಿದರು. ಶಿಕಾರಿಪುರದ ಈಸೂರಿನಲ್ಲಿ 1942ರ ಸೆಪ್ಟೆಂಬರಿನಲ್ಲಿ ಊರವರು ತಮ್ಮದೇ ಸ್ವತಂತ್ರ ಸರ್ಕಾರ ಸಾರಿದರು. ಅಲ್ಲಿಗೆ ಬಂದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಗುಂಪಿನ ಕೈಯಲ್ಲಿ ಸತ್ತರು. ಮುಂದಿನ ಮಾರ್ಚಿನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಐವರಿಗೆ ಗಲ್ಲಾಯಿತು. ಆ ಜೈಲಿನ ಜಾಗವೇ ಇಂದಿನ ಫ್ರೀಡಂ ಪಾರ್ಕ್.

ಪತ್ತೇದಾರಿ ಕಾದಂಬರಿಯ ಲೆಕ್ಕದಲ್ಲಿ ಇವು ಪೊಲೀಸರ ಕೊಲೆಯ ಕೇಸುಗಳು. ಹೆಣವಿದೆ, ಆರೋಪಿಗಳಿದ್ದಾರೆ, ತನಿಖೆ, ಸಾಕ್ಷಿ, ತೀರ್ಪು ಎಲ್ಲವೂ ಇದೆ. ಆದರೆ ನಿರಂಜನರು ಕಯ್ಯೂರನ್ನು ‘ಚಿರಸ್ಮರಣೆ’ಯಾಗಿ ಬರೆದಾಗ ಕೊಂದವರು ಯಾರು ಎಂಬ ಪ್ರಶ್ನೆಯೇ ಅಲ್ಲಿ ಮುಖ್ಯವಾಗಲಿಲ್ಲ. ಗಲ್ಲಿಗೇರಿದವರು ಹೇಗೆ ಬದುಕಿದ್ದರು ಎಂಬುದೇ ಕಥೆಯಾಯಿತು. ಓದುವವರ ಕಣ್ಣೀರೂ ಅವರಿಗೇ.

ಬೆಂಗಳೂರಿನದೇ ಇನ್ನೊಂದು ಸಂಗತಿ. ನೂರು ವರ್ಷ ದಾಟಿ ಬಾಳಿದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು ತಮ್ಮ ಯೌವನದ ಈ ಕೆಲಸವನ್ನು ತಾವೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ: 1942ರಲ್ಲಿ ಅಂಚೆ ಡಬ್ಬಿಗಳಲ್ಲಿ, ಸರ್ಕಾರದ ದಾಖಲೆ ಕೋಣೆಗಳಲ್ಲಿ ಸಣ್ಣ ಟೈಂ ಬಾಂಬ್ ಇಟ್ಟು ಕಾಗದಪತ್ರ ಸುಡುತ್ತಿದ್ದರು. ಆಮೇಲೆ ಸಿಕ್ಕಿಬಿದ್ದು ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದರು. ಇದನ್ನು ಪತ್ತೇದಾರಿ ಕಾದಂಬರಿಯಾಗಿ ಊಹಿಸಿಕೊಳ್ಳಿ. ಸುಟ್ಟ ಕಾಗದದ ವಾಸನೆ, ಡಬ್ಬಿಯ ತಳದಲ್ಲಿ ಕರಗಿದ ಅರಗು, ಸೈಕಲ್ಲಿನ ಗುರುತು. ಜಾಣ ಪತ್ತೇದಾರಳು ಒಂದೊಂದೇ ಸುಳಿವು ಹಿಡಿದು ಕೊನೆಯ ಅಧ್ಯಾಯದಲ್ಲಿ ಬಾಗಿಲು ತಟ್ಟುತ್ತಾಳೆ. ಬಾಗಿಲು ತೆರೆಯುವವರು ದೊರೆಸ್ವಾಮಿ! ಆಕೆ ಗೆದ್ದಳೆಂದು ಯಾವ ಕನ್ನಡ ಓದುಗ ನೆಮ್ಮದಿಯಿಂದ ಪುಸ್ತಕ ಮುಚ್ಚಿಯಾನು?

ಈ ಇಕ್ಕಟ್ಟು ಭಾರತದ ಮಹಿಳಾ ಪೊಲೀಸಿನ ಹುಟ್ಟಿನಲ್ಲೇ ಇದೆ. ಕಾನ್ಪುರದಲ್ಲಿ 1930ರ ದಶಕದ ಕೊನೆಗೆ ಹೆಂಗಸರನ್ನು ಪೊಲೀಸಿಗೆ ಸೇರಿಸಿಕೊಂಡದ್ದು ಗಿರಣಿ ಮುಷ್ಕರಕ್ಕೆ ಇಳಿದ ಹೆಣ್ಣಾಳುಗಳನ್ನು ನಿಭಾಯಿಸಲು. ಬ್ರಿಟನ್ನಿನ ಯುದ್ಧಕಾಲದ ಪೊಲೀಸಿನವಳನ್ನು ಎತ್ತಿ ತಂದು ಬೆಂಗಳೂರಿನಲ್ಲಿ ನಿಲ್ಲಿಸಿದರೆ ಆಕೆಯ ಸಮವಸ್ತ್ರದ ಅರ್ಥವೇ ಬದಲಾಗುತ್ತದೆ.

ಆದರೆ ಇದೇ ಕಾರಣಕ್ಕೆ ಅಂಥ ಕಾದಂಬರಿ ಬರಬೇಕು ಎನ್ನುವವರೂ ಇದ್ದಾರೆ. ನಾನೂ ಆ ಪಕ್ಷ. ಎರಡು ಕಡೆಯ ಋಣ ಇರುವವಳ ತನಿಖೆಯೇ ನಿಜವಾದ ತನಿಖೆ. 2016ರ ಏಪ್ರಿಲಿನಲ್ಲಿ ಪಿಎಫ್ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದಾಗ ನಾನು ಜಾಲಹಳ್ಳಿ ಕ್ರಾಸಿನಲ್ಲಿದ್ದೆ. ಲಾಠಿ ಹಿಡಿದು ನಿಂತ ಒಬ್ಬ ಮಹಿಳಾ ಪೇದೆ, ಎದುರಿನ ಗುಂಪಿನಲ್ಲಿದ್ದ ಹುಡುಗಿಯೊಬ್ಬಳಿಗೆ ‘ಹಿಂದಕ್ಕೆ ಹೋಗೇ, ಕಲ್ಲು ಬೀಳುತ್ತೆ’ ಎಂದು ಹಲ್ಲು ಕಚ್ಚಿ ಹೇಳುತ್ತಿದ್ದಳು. ಗದರಿದ ಆ ‘ಹೋಗೇ’ಯಲ್ಲಿ ಅಕ್ಕನ ದನಿಯಿತ್ತು. ಕಾದಂಬರಿಗೆ ಬೇಕಾದ ಹೆಣ್ಣು ಅವಳೇ ಎಂದು ನನಗೆ ಅಂದು ಅನ್ನಿಸಿತು, ಇಂದಿಗೂ ಅನ್ನಿಸುತ್ತದೆ.

ಅಂಥ ಹೆಂಗಸು ಇದ್ದಳೇ?

ವಾಸ್ತವವಾದಿಗಳದು ಬೇರೆ ಆಕ್ಷೇಪ. ಆ ಕಾಲದ ಬೆಂಗಳೂರಿನ ಹೆಣ್ಣಿಗೆ ಠಾಣೆಯೊಳಗೆ ಕುರ್ಚಿಯೇ ಇಲ್ಲದಿದ್ದಾಗ ಆಕೆ ಮಹಜರು ಬರೆಯುವುದು ಹೇಗೆ? ಸ್ವಾತಂತ್ರ್ಯ ಬಂದ ಮೇಲೂ ಎಷ್ಟು ತಡವಾಯಿತು ನೋಡಿ. ಕಿರಣ್ ಬೇಡಿ ಐಪಿಎಸ್ ಸೇರಿದ್ದು 1972ರಲ್ಲಿ. ಕರ್ನಾಟಕ ಕೇಡರಿಗೆ ಜೀಜಾ ಹರಿಸಿಂಗ್ ಬಂದದ್ದು 1975ರ ತಂಡದಲ್ಲಿ. ನೀಲಮಣಿ ರಾಜು ರಾಜ್ಯದ ಪೊಲೀಸ್ ಪಡೆಯ ಮುಖ್ಯಸ್ಥೆಯಾದದ್ದು 2017ರಲ್ಲಿ.

ಕುರ್ಚಿ ಇರಲಿಲ್ಲ ನಿಜ, ಸಮವಸ್ತ್ರ ಇರಲಿಲ್ಲ ಎನ್ನಲಾಗದು. 1942ರಲ್ಲಿ ಭಾರತದ ಸೇನೆಗೆ ಮಹಿಳಾ ಸಹಾಯಕ ದಳ ಕಟ್ಟಿದರು. ಗುಮಾಸ್ತಿಕೆ, ಟೆಲಿಫೋನ್ ಸ್ವಿಚ್‌ಬೋರ್ಡು, ಗುಪ್ತಲಿಪಿ ಇವೆಲ್ಲ ಆ ದಳದ ಕೆಲಸ. ಅದರಲ್ಲಿ ಆಂಗ್ಲೊ-ಇಂಡಿಯನ್ ಹುಡುಗಿಯರು ಗಣನೀಯವಾಗಿದ್ದರು. ವೈಟ್‌ಫೀಲ್ಡಿನಂಥ ಊರಿನಿಂದ ಸೈಕಲ್ಲಿನಲ್ಲಿ ರೈಲು ಸ್ಟೇಷನ್ನಿಗೆ ಬಂದು, ಸ್ವಿಚ್‌ಬೋರ್ಡಿನ ಮುಂದೆ ಕೂತು, ಕೇಳಬಾರದ ಮಾತೊಂದನ್ನು ಕೇಳಿಸಿಕೊಳ್ಳುವ ಹುಡುಗಿಯನ್ನು ಕಲ್ಪಿಸಲು ಚರಿತ್ರೆಯನ್ನು ಎಳೆದಾಡಬೇಕಿಲ್ಲ. ಇನ್ನು ಟಿಪ್ಪುವಿನ ವಂಶದ ನೂರ್ ಇನಾಯತ್ ಖಾನ್ ಬ್ರಿಟನ್ನಿನ ಮಹಿಳಾ ವಾಯುದಳ ಸೇರಿ, 1943ರಲ್ಲಿ ಗುಪ್ತವಾಗಿ ಫ್ರಾನ್ಸಿಗೆ ಇಳಿದು ವೈರ್‌ಲೆಸ್ ನಡೆಸಿ, 1944ರ ಸೆಪ್ಟೆಂಬರಿನಲ್ಲಿ ಡಖಾವು ಶಿಬಿರದಲ್ಲಿ ಗುಂಡಿಗೆ ಬಲಿಯಾದದ್ದು ಕಟ್ಟುಕಥೆಯಲ್ಲ. ಟಿಪ್ಪು ಹುಟ್ಟಿದ ದೇವನಹಳ್ಳಿಯ ಮೇಲೆ ಈಗ ದಿನಾ ವಿಮಾನಗಳು ಇಳಿಯುತ್ತವೆ, ನೂರಳ ಹೆಸರು ಅಲ್ಲಿ ಎಷ್ಟು ಜನರ ಬಾಯಲ್ಲಿದೆ?

ಸಮವಸ್ತ್ರವೇ ಬೇಡ ಎನ್ನುವುದಾದರೂ ದಾರಿಯುಂಟು. ಬಾಲವಿಧವೆಯಾದ ನಂಜನಗೂಡು ತಿರುಮಲಾಂಬ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲೇ ‘ಸತೀಹಿತೈಷಿಣೀ’ ಗ್ರಂಥಮಾಲೆ ನಡೆಸಿ, ಪತ್ರಿಕೆಯನ್ನೂ ತಂದರು. ಮನೆಯೊಳಗೆ ಇರು ಎಂದವರ ನಡುವೆ ಇದ್ದುಕೊಂಡೇ ಊರಿನ ಸುದ್ದಿಯನ್ನೆಲ್ಲ ತನ್ನ ಮೇಜಿಗೆ ತರಿಸಿಕೊಂಡ ಇಂಥ ಹೆಣ್ಣಿಗೆ ಪತ್ತೇದಾರಿಕೆ ಕಷ್ಟವಾಗುತ್ತಿರಲಿಲ್ಲ.

ಸಿನಿಮಾ ಈ ಚರ್ಚೆಯನ್ನು ಎಂದೋ ದಾಟಿತು. ‘ಎಸ್.ಪಿ. ಭಾರ್ಗವಿ’, ‘ದುರ್ಗಿ’ಗಳ ಮಾಲಾಶ್ರೀಗೆ ಹಳ್ಳಿಯ ಟೆಂಟುಗಳಲ್ಲೂ ಶಿಳ್ಳೆ ಬಿದ್ದಿದೆ. ತೆರೆಯ ಮೇಲೆ ಒಪ್ಪಿದವಳನ್ನು ಪುಟದ ಮೇಲೆ ಬೇಡ ಎನ್ನುವವರಲ್ಲ ನಮ್ಮ ಓದುಗರು.

ಯಾವ ಭಾಷೆಯಲ್ಲಿ ವಿಚಾರಣೆ?

ದಾಖಲೆಗಳ ಮಾತು ಎತ್ತುವವರು ಹೇಳುವುದರಲ್ಲಿ ಅರ್ಧ ಸತ್ಯವಿದೆ. ಮೈಸೂರು ಸಂಸ್ಥಾನದ ಕಡತಗಳು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ. ರೆಸಿಡೆನ್ಸಿಯ ಕಾಗದ ಬೇಕಾದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ, ಇನ್ನಷ್ಟು ಬೇಕಾದರೆ ಲಂಡನ್ನಿಗೆ ಹೋಗಬೇಕು. ತಿಂಗಳಿಗೊಂದು ಕಾದಂಬರಿ ಬರೆದು ಬದುಕಬೇಕಿದ್ದ ಲೇಖಕನಿಗೆ ಇದು ಆಗುವ ಮಾತಾಗಿರಲಿಲ್ಲ. ಈಗ ಆ ನೆಪಕ್ಕೆ ಬಲ ಕಡಿಮೆ. ವಿಮಾನ ಕಾರ್ಖಾನೆಯ ಪಕ್ಕದ ಎಚ್‌ಎಎಲ್ ಮ್ಯೂಸಿಯಂಗೆ ಐವತ್ತು ಹೆಜ್ಜೆ ಹೋದರೆ ಆ ಕಾಲದ ಚಿತ್ರಗಳು ಎದುರಾಗುತ್ತವೆ.

ಭಾಷೆಯ ತೊಡಕು ಇದಕ್ಕಿಂತ ಆಳದ್ದು. ದಂಡಿನ ಬೀದಿಯಲ್ಲಿ ತಮಿಳು, ಉರ್ದು, ಇಂಗ್ಲಿಷು. ಪೇಟೆಯಲ್ಲಿ ಕನ್ನಡ, ತೆಲುಗು. ಜಾಲಹಳ್ಳಿಯ ಬೇಲಿಯೊಳಗೆ ಇಟಾಲಿಯನ್. ಇವರೆಲ್ಲರ ಹೇಳಿಕೆಯನ್ನು ಅಚ್ಚುಕಟ್ಟಾದ ಗ್ರಂಥಸ್ಥ ಕನ್ನಡಕ್ಕೆ ಇಳಿಸಿದ ಕೂಡಲೇ ಸುಳಿವುಗಳು ಸತ್ತುಹೋಗುತ್ತವೆ. ಯಾರು ಯಾವ ಪದವನ್ನು ಹೇಗೆ ಉಚ್ಚರಿಸಿದರು ಎಂಬುದೇ ಅರ್ಧ ಸಾಕ್ಷಿ. ಇದನ್ನು ಬರೆಯಬಲ್ಲ ಕಿವಿ, ಹತ್ತು ರಾಜ್ಯದವರೊಡನೆ ದಿನಾ ಏಗುವ ಎಲೆಕ್ಟ್ರಾನಿಕ್ ಸಿಟಿಯ ಯಾವುದಾದರೂ ಹುಡುಗಿಗೆ ಇದ್ದೇ ಇರುತ್ತದೆ ಎಂದು ನನ್ನ ನಂಬಿಕೆ.

ಲೈಬ್ರರಿ ಮುಚ್ಚಿದ ಮೇಲೆ

ಮಾರುಕಟ್ಟೆಯ ವಾದವನ್ನು ಬೇಗ ಮುಗಿಸಬಹುದು. ಸರ್ಕ್ಯುಲೇಟಿಂಗ್ ಲೈಬ್ರರಿಗಳು ಮುಚ್ಚಿದವು, ಸಂಜೆಯ ಓದು ಧಾರಾವಾಹಿಗಳ ಪಾಲಾಯಿತು. ಅದೇ ಹೊತ್ತಿಗೆ, 1995ರಲ್ಲಿ ಶುರುವಾದ ರವಿ ಬೆಳಗೆರೆಯವರ ‘ಹಾಯ್ ಬೆಂಗಳೂರ್’ ವಾರಪತ್ರಿಕೆ ನಿಜವಾದ ಕೊಲೆಗಳನ್ನೇ ಕಾದಂಬರಿಯ ಬಿಸಿಯಲ್ಲಿ ಬಡಿಸತೊಡಗಿತು. ಪುರುಷೋತ್ತಮನ ಜಾಗದಲ್ಲಿ ವರದಿಗಾರ ಬಂದು ಕೂತ. ಓದುಗರು ಯಾಕೆ ಕಡಿಮೆಯಾದರು ಎಂಬುದನ್ನು ಈ ವಾದ ವಿವರಿಸುತ್ತದೆ. ಓದುಗರು ತುಂಬಿ ತುಳುಕುತ್ತಿದ್ದಾಗಲೂ ಪತ್ತೇದಾರಳು ಯಾಕೆ ಬರಲಿಲ್ಲ ಎಂದರೆ ಅದರಲ್ಲಿ ಉತ್ತರವಿಲ್ಲ.

ಸರ್ಜಾಪುರದ ಕಡೆಯಿಂದ ಬಂದ ಕಾವೇರಿ

ಕೊನೆಗೆ ಆಕೆ ಬಂದಳು, ಆದರೆ ಇಂಗ್ಲಿಷಿನಲ್ಲಿ. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ 2022ರಲ್ಲಿ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ ಪ್ರಕಟಿಸಿದರು. ಕಾಲ 1921. ಹೊಸದಾಗಿ ಮದುವೆಯಾಗಿ ಬಂದ ಕಾವೇರಿಗೆ ಗಣಿತ ಅಂದರೆ ಪ್ರಾಣ, ಸೀರೆಯುಟ್ಟೇ ಈಜುತ್ತಾಳೆ. ಸೆಂಚುರಿ ಕ್ಲಬ್ಬಿನ ಸಂಜೆಯೊಂದರಲ್ಲಿ ಕೊಲೆಯಾಗುತ್ತದೆ, ಪಕ್ಕದ ಮನೆಯ ಉಮಾ ಆಂಟಿ ಜೊತೆಯಾಗುತ್ತಾರೆ. ಅಧಿಕಾರದ ತೊಡಕನ್ನು ಲೇಖಕಿ ನಾಜೂಕಾಗಿ ಬಿಡಿಸಿಕೊಂಡಿದ್ದಾರೆ: ಖಾಕಿ ಇನ್‌ಸ್ಪೆಕ್ಟರ್ ಇಸ್ಮಾಯಿಲರ ಮೈಮೇಲೆ, ಬುದ್ಧಿ ಕಾವೇರಿಯದು. ಸರಣಿ ಮುಂದುವರಿದಿದೆ.

ಕೆರೆ, ಮರ, ಓಣಿಗಳನ್ನು ವಿಜ್ಞಾನಿಯ ಕಣ್ಣಿನಿಂದ ಬಲ್ಲವರು ಬರೆದದ್ದರಿಂದ ಊರು ಜೀವಂತವಾಗಿದೆ. ಕಾವೇರಿ ಮನಸ್ಸಿನಲ್ಲಿ ಕನ್ನಡದಲ್ಲೇ ಯೋಚಿಸುತ್ತಿದ್ದಿರಬೇಕು ಎಂದು ಓದುವಾಗೆಲ್ಲ ಅನ್ನಿಸಿ, ನನಗೆ ಸಂತೋಷವೂ ಸಂಕಟವೂ ಒಟ್ಟಿಗೇ ಆಯಿತು. 1921ನ್ನು ಆರಿಸಿಕೊಂಡದ್ದರಿಂದ ಲೇಖಕಿಗೆ ಒಂದು ಅನುಕೂಲವೂ ಆಗಿದೆ. ಅಸಹಕಾರದ ಗಾಳಿ ಬೀಸತೊಡಗಿದ್ದರೂ, ಪೊಲೀಸಿನ ಪಕ್ಕದಲ್ಲಿ ನಿಂತವಳನ್ನು ದ್ರೋಹಿ ಎನ್ನುವ 1942 ಇನ್ನೂ ದೂರವಿದೆ.

ಇನ್ನೂ ತೀರ್ಮಾನವಾಗದವು

ಈಸೂರಿನ ವರ್ಷದಲ್ಲಿ ಸರ್ಕಾರದ ಸಂಬಳ ಉಣ್ಣುವ ಹೆಣ್ಣೊಬ್ಬಳನ್ನು ಕನ್ನಡ ಓದುಗರು ತಮ್ಮವಳೆಂದು ಒಪ್ಪುವಂತೆ ಬರೆಯಲು ಸಾಧ್ಯವೇ? ನಾನು ಸಾಧ್ಯ ಎನ್ನುತ್ತೇನೆ, ಬರೆದು ತೋರಿಸಿದವರು ಬರುವ ತನಕ ಅದು ಬರೀ ಮಾತು. ಮೈಸೂರು ಪೊಲೀಸು ಮಹಾರಾಜರದು, ದಂಡಿನ ಪೊಲೀಸು ಬ್ರಿಟಿಷರದು ಎಂಬ ಭೇದ ಅಂದಿನ ಜನರ ಮನಸ್ಸಿನಲ್ಲಿ ಎಷ್ಟು ಕೆಲಸ ಮಾಡುತ್ತಿತ್ತು ಎಂಬುದೂ ಚರ್ಚೆಯಾಗಬೇಕಾದದ್ದು. ಈಸೂರಿಗೆ ಬಂದದ್ದು ಮಹಾರಾಜರ ಸರ್ಕಾರದ ಅಧಿಕಾರಿಗಳೇ ಅಲ್ಲವೇ? ಕಥೆಯ ನೈತಿಕ ಭಾರವೆಲ್ಲ ಈ ಗೆರೆಯ ಮೇಲೆ ನಿಲ್ಲುತ್ತದೆ.

ಬರೆಯುವವರು ಯಾರು ಎಂಬುದು ಉಳಿದ ಪ್ರಶ್ನೆ. ಡಿ.ವಿ. ಗುರುಪ್ರಸಾದರಂಥ ಪೊಲೀಸ್ ಅಧಿಕಾರಿಗಳು ಅಪರಾಧಲೋಕದ ತಮ್ಮ ಅನುಭವವನ್ನು ಕನ್ನಡಕ್ಕೆ ಧಾರಾಳವಾಗಿ ಕೊಟ್ಟಿದ್ದಾರೆ. ಮಹಿಳಾ ಪೇದೆ, ದಫೇದಾರರ ಕೈಬರಹ ಇನ್ನೂ ಬರಬೇಕಿದೆ. 2017ರಲ್ಲಿ ಬಂದ ಪಿಂಕ್ ಹೊಯ್ಸಳ ಗಸ್ತಿನ ಒಂದು ಗಾಡಿ ನಮ್ಮ ರಸ್ತೆಯ ತಿರುವಿನಲ್ಲಿ ರಾತ್ರಿ ನಿಲ್ಲುವುದುಂಟು. ಒಳಗಿನ ದೀಪದಲ್ಲಿ ಒಬ್ಬಾಕೆ ತೊಡೆಯ ಮೇಲೆ ಉದ್ದನೆಯ ಪುಸ್ತಕ ಇಟ್ಟುಕೊಂಡು ಅಂದಿನ ಟಿಪ್ಪಣಿ ಬರೆಯುತ್ತಿರುತ್ತಾಳೆ.